ಹನ್ನೊಂದು ಮಣಿಯ ಹಾರ

ಕಾಲೇಜಿನಲ್ಲಿ ಮೂವತ್ತಮೂರು ವರ್ಷ ಕನ್ನಡ ಪಾಠ ಹೇಳಿದವನು ನಾನು. ನನಗೆ ಗೊತ್ತುಮಾಡಿದ್ದ ಕೊಠಡಿಯಲ್ಲಿ ನನ್ನ ತರಗತಿಗೆ ಮೊದಲು ಗಣಿತದ ತರಗತಿ ನಡೆಯುತ್ತಿತ್ತು. ಒಳಹೊಕ್ಕವನು ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ಡಸ್ಟರು ಕೈಗೆತ್ತಿಕೊಂಡು, ಕರಿಹಲಗೆಯ ತುಂಬ ಹರಡಿದ್ದ ಅಂಕಿಗಳನ್ನೂ ಚಿಹ್ನೆಗಳನ್ನೂ ಒರೆಸಿಹಾಕಿ, ಆ ಜಾಗದಲ್ಲಿ 'ಕವಿರಾಜಮಾರ್ಗ' ಎಂದೋ 'ಪಂಪಯುಗ' ಎಂದೋ ಬರೆಯುವುದು ನನ್ನ ನಿತ್ಯವಿಧಿಯಾಗಿತ್ತು. "ಲೆಕ್ಕಾಚಾರ ಸಾಕು, ಇನ್ನು ರಸಲೋಕಕ್ಕೆ ಬನ್ನಿ" ಎಂದು ನಾನು ಹೇಳುತ್ತಿದ್ದೆ, ಹುಡುಗರು ನಗುತ್ತಿದ್ದರು, ಅವರು ನಕ್ಕದ್ದರಿಂದ ನನಗೆ ಸಂತೋಷವೂ ಆಗುತ್ತಿತ್ತು. ಈ ಮಾತನ್ನು ಎಷ್ಟು ವರ್ಷ ಆಡಿದೆನೋ ಕಾಣೆ. ಅದು ಎಂಥ ಅವಿವೇಕದ ಮಾತು ಎಂದು ತಿಳಿಯುವುದಕ್ಕೆ ಹನ್ನೊಂದು ಅಂಕಿಗಳ ಒಂದು ಸಂಖ್ಯೆ ಬೇಕಾಯಿತು.

ಅಂದು ನಾನು ಒಳಗೆ ಹೋದಾಗ ಹಲಗೆಯ ಮೇಲೆ ಬೇರೇನೂ ಇರಲಿಲ್ಲ. ನಡುಮಧ್ಯದಲ್ಲಿ, ದುಂಡಗಿನ ಅಕ್ಷರದಲ್ಲಿ, ಒಂದೇ ಒಂದು ಸಂಖ್ಯೆ ಇತ್ತು: 12345654321. ಕೇಳುಗರು ದಯಮಾಡಿ ಒಂದು ಕಾಗದದ ಮೇಲೆ ಇದನ್ನು ಬರೆದುಕೊಳ್ಳಬೇಕು. ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ, ಆರರಿಂದ ಮತ್ತೆ ಒಂದಕ್ಕೆ ಇಳಿದುಬಂದ ಹಾಗಿದೆ. ಎಡದಿಂದ ಓದಿದರೂ ಅಷ್ಟೇ, ಬಲದಿಂದ ಓದಿದರೂ ಅಷ್ಟೇ. ನಾನು ಡಸ್ಟರು ಎತ್ತಿದೆ. ಆಗ ಬಾಗಿಲಲ್ಲಿ ಇನ್ನೂ ನಿಂತಿದ್ದ ಗಣಿತದ ಸಹೋದ್ಯೋಗಿ, "ಮೇಷ್ಟ್ರೇ, ಒರೆಸುವುದಕ್ಕೆ ಮೊದಲು ಒಂದು ಮಾತು. ಅದು ನಮ್ಮದಲ್ಲ, ನಿಮ್ಮದು" ಎಂದರು. "ನನಗೂ ಅಂಕಿಗೂ ಏನು ಸಂಬಂಧ ಸ್ವಾಮಿ?" ಎಂದೆ. "ನಿಮ್ಮ ನೃಪತುಂಗನ ಕಾಲದ್ದು. ಮಹಾವೀರಾಚಾರ್ಯರ ಪುಸ್ತಕದಲ್ಲಿದೆ" ಎಂದು ಹೇಳಿ ಅವರು ಹೊರಟುಹೋದರು.

ಹುಡುಗರು ನನ್ನ ಮುಖವನ್ನೇ ನೋಡುತ್ತಿದ್ದರು. ನೃಪತುಂಗನ ವಿಷಯವಾಗಿ ಅಷ್ಟು ವರ್ಷಗಳಿಂದ ಅಧಿಕಾರವಾಣಿಯಿಂದ ಮಾತನಾಡುತ್ತಿದ್ದ ನನಗೆ ಮಹಾವೀರಾಚಾರ್ಯನ ಹೆಸರು ಮಾತ್ರ ಗೊತ್ತಿತ್ತು. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ 'ಈ ಕಾಲದಲ್ಲಿ ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವೂ ರಚಿತವಾಯಿತು' ಎಂಬ ಅರ್ಧ ವಾಕ್ಯದಲ್ಲಿ ಆ ಹೆಸರು ಬಂದುಹೋಗುತ್ತದೆ. ಆ ಅರ್ಧ ವಾಕ್ಯವನ್ನು ನಾನು ಪ್ರತಿವರ್ಷ ತಪ್ಪದೆ ಹೇಳುತ್ತಿದ್ದೆ. ಪುಸ್ತಕವನ್ನು ಮಾತ್ರ ತೆರೆದು ನೋಡಿರಲಿಲ್ಲ.

ಆ ಕಾಲವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳೋಣ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದದ್ದು 814ರಲ್ಲಿ. ಅರವತ್ತು ವರ್ಷಕ್ಕೂ ಮೀರಿ ಆತ ಆಳಿದ. ಅವನ ರಾಜಧಾನಿ ಮಾನ್ಯಖೇಟ. ಇಂದಿನ ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿಯ ದಂಡೆಯ ಮಳಖೇಡ. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡನ್ನು ಮೊದಲ ಬಾರಿಗೆ ಗುರುತಿಸಿದ ಕವಿರಾಜಮಾರ್ಗ ಹುಟ್ಟಿದ್ದು ಆ ಆಸ್ಥಾನದಲ್ಲಿ. ಜಿನಸೇನರು ಆದಿಪುರಾಣ ಬರೆದದ್ದು, ಶಾಕಟಾಯನ ತನ್ನ ವ್ಯಾಕರಣಕ್ಕೆ ದೊರೆಯ ಹೆಸರಿನಲ್ಲಿ ಅಮೋಘವೃತ್ತಿಯೆಂಬ ವ್ಯಾಖ್ಯಾನ ರಚಿಸಿದ್ದು ಆ ಕಾಲದಲ್ಲೇ. ಕಾವ್ಯ, ಪುರಾಣ, ಸಿದ್ಧಾಂತ, ವ್ಯಾಕರಣ ಒಂದೇ ನೆರಳಿನಲ್ಲಿ ಬೆಳೆದ ಆ ದಿನಗಳಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಗಣಿತಸಾರಸಂಗ್ರಹವನ್ನು ಬರೆದ. ಗ್ರಂಥದ ಆರಂಭದಲ್ಲೇ ದೊರೆಯ ಸ್ತುತಿಯಿದೆ. ಸಾವಿರದ ನೂರಕ್ಕೂ ಹೆಚ್ಚು ಪದ್ಯಗಳು. ಪಂಚಾಂಗದ ಅಥವಾ ಜ್ಯೋತಿಷದ ಅಂಗವಾಗಿ ಅಲ್ಲದೆ, ಗಣಿತವನ್ನು ಗಣಿತವಾಗಿಯೇ ಹೇಳುವ ಸ್ವತಂತ್ರ ಗ್ರಂಥ ಅದು.

ಈ ಗ್ರಂಥ ಅಚ್ಚಾದದ್ದು 1912ರಲ್ಲಿ, ಮದರಾಸಿನಲ್ಲಿ. ಎಂ. ರಂಗಾಚಾರ್ಯರು ಅದನ್ನು ಸಂಪಾದಿಸಿ ಇಂಗ್ಲಿಷಿಗೆ ಅನುವಾದಿಸಿದರು. ಅವರಿಗೆ ಆಧಾರವಾದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಅದಕ್ಕೆ ಕೇವಲ ಹದಿನಾಲ್ಕು ವರ್ಷ ಮೊದಲು, 1898ರಲ್ಲಿ, ಕೆ. ಬಿ. ಪಾಠಕರು ಕವಿರಾಜಮಾರ್ಗವನ್ನು ಅಚ್ಚಿಗೆ ತಂದಿದ್ದರು. ಒಂದೇ ದೊರೆಯ ಕಾಲದ ಎರಡು ಪುಸ್ತಕಗಳು ಹೀಗೆ ಹೆಚ್ಚುಕಡಿಮೆ ಒಟ್ಟಿಗೇ ಬೆಳಕು ಕಂಡವು. ಒಂದು ನಮ್ಮ ಪಠ್ಯಕ್ರಮದ ಮೊದಲ ಪುಟವಾಯಿತು. ಇನ್ನೊಂದು ಗ್ರಂಥಾಲಯದ ಬೇರೆ ಕಪಾಟಿಗೆ ಹೋಯಿತು. ಸಂಸ್ಕೃತದಲ್ಲಿದೆ ಎಂದು ಕನ್ನಡದವರು ಬಿಟ್ಟರು, ಪದ್ಯದಲ್ಲಿದೆ ಎಂದು ಗಣಿತದವರು ಬಿಟ್ಟರು ಎಂದರೆ ದೊಡ್ಡ ತಪ್ಪಾಗಲಾರದು.

ಆ ಸಂಜೆಯೇ ನಾನು ಗ್ರಂಥಾಲಯದಿಂದ ಅದನ್ನು ತಂದೆ. ಮೊದಲ ಅಧ್ಯಾಯದಲ್ಲೇ ನನಗೊಂದು ಪೆಟ್ಟು ಕಾದಿತ್ತು. ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಹೇಳುವಾಗ ಮಹಾವೀರ ವ್ಯಾಪಾರವನ್ನೂ ಜ್ಯೋತಿಷವನ್ನೂ ಮಾತ್ರ ಹೆಸರಿಸಿ ಸುಮ್ಮನಾಗುವುದಿಲ್ಲ. ಕಾಮಶಾಸ್ತ್ರ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣ ಎಲ್ಲಕ್ಕೂ ಗಣಿತ ಬೇಕು ಎನ್ನುತ್ತಾನೆ. ನಾನು ಮೂವತ್ತು ವರ್ಷ ಮಾತ್ರಾಗಣ ಎಣಿಸಿದವನು. ಕಂದಪದ್ಯದ ನಾಲ್ಕು ನಾಲ್ಕು ಮಾತ್ರೆಗಳನ್ನು ಬೆರಳಲ್ಲಿ ಲೆಕ್ಕ ಹಾಕಿ ತೋರಿಸಿದವನು. ಆಮೇಲೂ 'ಲೆಕ್ಕಾಚಾರ ಸಾಕು' ಎಂದಿದ್ದೆ!

ರಸದ ಮಾತಂತೂ ಇನ್ನೂ ಸ್ವಾರಸ್ಯ. ಆತನ ಲೆಕ್ಕವೊಂದರಲ್ಲಿ ಪ್ರಣಯಕಲಹದ ನಡುವೆ ನಾಯಿಕೆಯ ಮುತ್ತಿನ ಹಾರ ಹರಿಯುತ್ತದೆ. ಮುತ್ತುಗಳಲ್ಲಿ ಮೂರನೆಯ ಒಂದು ಭಾಗ ದಾಸಿಯ ಪಾಲಾಗುತ್ತದೆ, ಆರನೆಯ ಒಂದು ಭಾಗ ಹಾಸಿಗೆಯ ಮೇಲೆ ಬೀಳುತ್ತದೆ. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಅತ್ತ ಇತ್ತ ಚೆಲ್ಲಿಹೋಗುತ್ತದೆ. ಕೊನೆಗೆ ಉಳಿದವು 1161. ಹಾರದಲ್ಲಿದ್ದ ಮುತ್ತುಗಳೆಷ್ಟು? ಉತ್ತರ 1,48,608. ಅಷ್ಟು ಮುತ್ತಿನ ಭಾರವನ್ನು ಹೊರುವ ಕೊರಳು ಯಾವುದೋ ತಿಳಿಯದು. ಶೃಂಗಾರದಲ್ಲಿ ಅತಿಶಯೋಕ್ತಿಗೆ ಅವಕಾಶವಿದೆಯಷ್ಟೆ.

ಇದು ಹರಿದ ಹಾರದ ಕಥೆ. ಹಲಗೆಯ ಮೇಲಿದ್ದ ಸಂಖ್ಯೆ ಪೋಣಿಸಿದ ಹಾರದ ಕಥೆ. ಗುಣಾಕಾರವನ್ನು ಹೇಳುವ ಕಡೆ ಮಹಾವೀರ ಕೆಲವು ವಿಚಿತ್ರ ಉದಾಹರಣೆಗಳನ್ನು ಕೊಡುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು, 111111111. 142857143ನ್ನು 7ರಿಂದ ಗುಣಿಸಿದರೆ 1000000001. ಎರಡು ತುದಿಗೆ ಎರಡು ಮಣಿ, ನಡುವೆ ಬರಿಯ ದಾರ. ಇಂಥ ಗುಣಲಬ್ಧಗಳಿಗೆ ಆತ ಇಡುವ ಹೆಸರು ಕಂಠಾಭರಣ, ಕಂಠಿಕೆ, ರಾಜಕಂಠಿಕೆ. ಅಂದರೆ ದೊರೆಯ ಕೊರಳಿಗೆ ಹಾಕಿದ ಅಂಕಿಗಳ ಹಾರ. ನಮ್ಮ 12345654321 ಕೂಡ ಆ ಪೆಟ್ಟಿಗೆಯದೇ ಒಡವೆ. ಅದರ ಜೊತೆಗೆ ಆತ 441 ಎಂಬ ಇನ್ನೊಂದು ಸಂಖ್ಯೆಯನ್ನು ಇಡುತ್ತಾನೆ. ಹಾರವನ್ನು 441ರಿಂದ ಭಾಗಿಸಿದರೆ 27994681 ಬರುತ್ತದೆ. ಈ ಅಂಕಿಗಳಲ್ಲಿ ಯಾವ ಅಂದವೂ ಕಾಣದು. ಹರಿದ ಹಾರದ ಮುತ್ತುಗಳಂತೆಯೇ ಚೆಲ್ಲಾಪಿಲ್ಲಿ. ಅದನ್ನೇ ತಿರುಗಿ 441ರಿಂದ ಗುಣಿಸಿದರೆ ಚೆಲ್ಲಿದ ಮಣಿಗಳೆಲ್ಲ ಸಾಲಾಗಿ ಬಂದು ಕೂರುತ್ತವೆ.

ಇಲ್ಲಿ ಭಾಷೆಯವನಾದ ನನ್ನ ಗಮನ ಸೆಳೆದದ್ದು ಬೇರೊಂದು ಸಂಗತಿ. ಈ ಸಂಖ್ಯೆಯನ್ನು ಬಾಯಲ್ಲಿ ಹೇಳಿ ನೋಡಿ: ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹಾರ ಎಲ್ಲಿ ಹೋಯಿತು? ಕಣ್ಣಿಗೆ ಕಂಡ ಸೊಬಗು ಕಿವಿಗೆ ಕೇಳಲಿಲ್ಲ. ಮಹಾವೀರ ಇಪ್ಪತ್ನಾಲ್ಕು ಸ್ಥಾನಗಳನ್ನು, ಏಕದಿಂದ ಮಹಾಕ್ಷೋಭದವರೆಗೆ, ಹೆಸರಿಸಿದವನು. ಅವನ ಲೆಕ್ಕದಲ್ಲಿ ನಮ್ಮ ಹಾರದ ಎಡತುದಿಯ ಮಣಿ ಅರ್ಬುದ ಸ್ಥಾನದಲ್ಲಿದೆ, ನಡುವಿನ ಆರು ಲಕ್ಷ ಸ್ಥಾನದಲ್ಲಿದೆ. ಆದರೂ ಆತ ಇದನ್ನು ಅರ್ಬುದ, ಕೋಟಿ, ಲಕ್ಷ ಎಂದು ಬಿಡಿಸಿ ಹೇಳುವುದಿಲ್ಲ. ಒಂದರಿಂದ ಮೊದಲುಗೊಂಡು ಆರರವರೆಗೆ ಹೋಗಿ ಮತ್ತೆ ಕ್ರಮವಾಗಿ ಕಡಮೆಯಾಗುವ ಸಂಖ್ಯೆ ಎಂದು ಅದರ ಆಕಾರವನ್ನು ವರ್ಣಿಸಿಬಿಡುತ್ತಾನೆ. ಹೆಸರಿನಿಂದ ಹಿಡಿಯಲಾಗದ್ದನ್ನು ರೂಪದಿಂದ ಹಿಡಿಯುವುದು ಕವಿಯ ಮಾರ್ಗವೇ ಅಲ್ಲವೆ?

ಹಳೆಯ ಶಾಸ್ತ್ರಗ್ರಂಥಗಳಲ್ಲೂ ಶಾಸನಗಳಲ್ಲೂ ಸಂಖ್ಯೆಗಳನ್ನು ಪದಗಳಿಂದ ಸೂಚಿಸುವ ವಾಡಿಕೆಯಿತ್ತು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಅಗ್ನಿಯೆಂದರೆ ಮೂರು, ಸಮುದ್ರವೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು. ಈ ಪದಗಳನ್ನು ಬಿಡಿಯ ಸ್ಥಾನದಿಂದ ಆರಂಭಿಸಿ ಎಡಕ್ಕೆ ಬರೆದುಕೊಂಡು ಹೋಗಬೇಕು ಎಂಬುದು ನಿಯಮ. ನಿಯಮ ತಿಳಿಯದವನು ಓದಿದರೆ ಶಕವರ್ಷ ತಲೆಕೆಳಗಾಗುತ್ತದೆ. ವಿದ್ಯಾರ್ಥಿಗಳು ಹಾಗೆ ಎಡವಿದ್ದನ್ನು ನಾನು ಎಷ್ಟೋ ಉತ್ತರಪತ್ರಿಕೆಗಳಲ್ಲಿ ಕಂಡಿದ್ದೇನೆ. ಆದರೆ ಈ ಹಾರವನ್ನು ಯಾವ ತುದಿಯಿಂದ ಹಿಡಿದರೂ ತಪ್ಪಾಗುವಂತಿಲ್ಲ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇಂಥದಕ್ಕೆ ಗತಪ್ರತ್ಯಾಗತವೆಂದು ಹೆಸರು. 'ಕನಕ', 'ನಯನ', 'ವಿಕಟಕವಿ' ಎಂಬಂಥ ಪದಗಳು ಮಕ್ಕಳಿಗೂ ಗೊತ್ತು. ಭಾರವಿ, ಮಾಘರು ಇಡೀ ಶ್ಲೋಕವನ್ನೇ ಹೀಗೆ ಹಿಂದುಮುಂದಾಗಿ ಓದುವಂತೆ ಕಟ್ಟಿದ್ದಾರೆ. ಆದರೆ ಅಂಥ ಶ್ಲೋಕದಲ್ಲಿ ಕವಿ ಪಟ್ಟ ಕಷ್ಟ ನಮಗೆ ಕಾಣುತ್ತದೆ. ಪದಗಳನ್ನು ಹಿಂಡಿ, ಎಳೆದು ತಂದು ಕೂರಿಸಿರುತ್ತಾನೆ. ಸಂಖ್ಯೆಯಲ್ಲಿ ಆ ಶ್ರಮವಿಲ್ಲ. ಇದನ್ನು ಹಾಗೆ ಕೂರಿಸಿದವರು ಯಾರು ಎಂದು ನನಗೆ ಆಶ್ಚರ್ಯವಾಯಿತು.

ಮರುದಿನ ಸಹೋದ್ಯೋಗಿಗಳ ಮುಂದೆ ಹೋಗಿ ಕುಳಿತೆ. "ಆರು ಒಂದುಗಳನ್ನು ಬರೆದು, ಅದನ್ನು ಅದರಿಂದಲೇ ಗುಣಿಸಿ" ಎಂದರು. ಪ್ರಾಥಮಿಕ ಶಾಲೆಯಲ್ಲಿ ಕಲಿತ ಹಾಗೆ ಮಾಡಿದೆ. 111111 ಎಂದು ಒಂದು ಸಾಲು. ಅದರ ಕೆಳಗೆ ಒಂದು ಮನೆ ಎಡಕ್ಕೆ ಸರಿಸಿ ಮತ್ತೆ 111111. ಹೀಗೆ ಆರು ಸಾಲು, ಪ್ರತಿಯೊಂದೂ ಮೇಲಿನದಕ್ಕಿಂತ ಒಂದು ಮನೆ ಎಡಕ್ಕೆ. ಈಗ ಮೇಲಿನಿಂದ ಕೆಳಕ್ಕೆ ಕೂಡಿ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ಆಮೇಲೆ ಮೂರು, ನಾಲ್ಕು, ಐದು. ನಡುವಿನ ಕಂಬದಲ್ಲಿ ಮಾತ್ರ ಆರೂ ಸಾಲುಗಳು ಸೇರುತ್ತವೆ. ಅಲ್ಲಿಂದಾಚೆಗೆ ಒಂದೊಂದೇ ಸಾಲು ಮುಗಿಯುತ್ತ ಬರುತ್ತದೆ: ಐದು, ನಾಲ್ಕು, ಮೂರು, ಎರಡು, ಒಂದು. ಹಾರವನ್ನು ಯಾರೂ ಕೂರಿಸಲಿಲ್ಲ. ಸಮನಾದ ಸಾಲುಗಳನ್ನು ಸಮನಾಗಿ ಸರಿಸಿದ್ದರಿಂದ ಅದು ತಾನಾಗಿ ಮೂಡಿತು. 12345654321 ಎಂಬುದು 111111ರ ವರ್ಗ, ಗುಟ್ಟು ಇಷ್ಟೇ.

ಮನೆಗೆ ಬಂದಾಗ ನನಗೆ ನಮ್ಮ ತಾಯಿಯ ರಂಗೋಲಿ ನೆನಪಾಯಿತು. ಸಂದು ಚುಕ್ಕಿಯ ರಂಗೋಲಿಯಲ್ಲಿ ಅವರು ಮೊದಲ ಸಾಲಿಗೆ ಒಂದು ಚುಕ್ಕಿ, ಅದರ ಕೆಳಗೆ ಎರಡು, ಹೀಗೆ ಆರರವರೆಗೆ ಇಟ್ಟು, ಮತ್ತೆ ಐದು, ನಾಲ್ಕು ಎಂದು ಒಂದಕ್ಕೆ ಇಳಿಸುತ್ತಿದ್ದರು. ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಕೆಳಗಿನ ಚುಕ್ಕಿ ಬೀಳುತ್ತಿತ್ತು. ಒಟ್ಟು ಚುಕ್ಕಿಗಳೆಷ್ಟು? ಒಂದು, ಎರಡು, ಮೂರು ಎಂದು ಕೂಡುತ್ತ ಕೂರಬೇಕಾಗಿಲ್ಲ. ತಲೆಯನ್ನು ಸ್ವಲ್ಪ ಓರೆಮಾಡಿ ನೋಡಿದರೆ ಆರಾರು ಚುಕ್ಕಿಗಳ ಆರು ಓರೆ ಸಾಲುಗಳು ಕಾಣುತ್ತವೆ. ಆರಾರಲಿ ಮೂವತ್ತಾರು. ನಮ್ಮ ಹಾರದ ಹನ್ನೊಂದು ಅಂಕಿಗಳನ್ನು ಕೂಡಿದರೂ ಬರುವುದು 36. ಇದು ಆಕಸ್ಮಿಕವಲ್ಲ. ಗುಣಾಕಾರದ ಆರು ಸಾಲುಗಳಲ್ಲಿದ್ದ ಮೂವತ್ತಾರು ಒಂದುಗಳೇ ಈ ಮೂವತ್ತಾರು ಚುಕ್ಕಿಗಳು. ಅಕ್ಷರ ಕಲಿಯದ ತಾಯಿ ದಿನವೂ ಬಾಗಿಲಲ್ಲಿ ಬರೆದದ್ದನ್ನು ಎಂ.ಎ. ಓದಿದ ಮಗ ನಿವೃತ್ತಿಯ ಹತ್ತಿರದಲ್ಲಿ ಓದಿಕೊಂಡ.

ಇನ್ನು ಹಾರದ ಒಳಗೆ ಏನಿದೆ ಎಂದು ನೋಡೋಣ. 111111ನ್ನು ಒಡೆದರೆ 3, 7, 11, 13, 37 ಎಂಬ ಐದು ಸಂಖ್ಯೆಗಳು ದೊರೆಯುತ್ತವೆ. ಐದೂ ಅವಿಭಾಜ್ಯ, ಇನ್ನು ಒಡೆಯಲಾರವು. ಅವನ್ನೆಲ್ಲ ಗುಣಿಸಿದರೆ ಆರು ಒಂದುಗಳು. ಪ್ರತಿಯೊಂದನ್ನೂ ಎರಡೆರಡು ಸಲ ತೆಗೆದುಕೊಂಡು ಗುಣಿಸಿದರೆ ನಮ್ಮ ಹಾರ. ಈಗ 441ರ ರಹಸ್ಯ ಬಯಲಾಗುತ್ತದೆ. ಮೂರೇಳಲಿ ಇಪ್ಪತ್ತೊಂದು, ಇಪ್ಪತ್ತೊಂದರ ವರ್ಗ 441. ಉಳಿದ 11, 13, 37ನ್ನು ಗುಣಿಸಿದರೆ 5291. ಅದರ ವರ್ಗವೇ ಆ ಚೆಲ್ಲಾಪಿಲ್ಲಿಯಾದ 27994681. ಆಚಾರ್ಯ ಒಂದು ವರ್ಗವನ್ನು ಎರಡು ವರ್ಗಗಳಾಗಿ ಬಿಡಿಸಿ, ಎರಡರಲ್ಲೂ ಹಾರದ ಸುಳಿವು ಸಿಕ್ಕದಂತೆ ಮರೆಮಾಡಿದ್ದಾನೆ. ಇದು ಕಣ್ಣಂದಾಜಿನಿಂದ ಆಗುವ ಕೆಲಸವಲ್ಲ. ಸಂಖ್ಯೆಯ ಎಲುಬುಗೂಡನ್ನು ಕಂಡವನ ಕೈವಾಡ.

ಹಾರಕ್ಕೆ ಆರನ್ನೇ ನಡುಮಣಿಯಾಗಿ ಆರಿಸಿದ್ದೇಕೆ? ನನ್ನದೊಂದು ಊಹೆ ಇದೆ, ಊಹೆಯೆಂದೇ ಕೇಳಬೇಕು. ಐದು ಒಂದುಗಳನ್ನು ಒಡೆದರೆ 41 ಮತ್ತು 271 ಮಾತ್ರ ದೊರೆಯುತ್ತವೆ. ಏಳು ಒಂದುಗಳನ್ನು ಒಡೆದರೆ 239 ಮತ್ತು 4649. ಇವುಗಳ ವರ್ಗಗಳನ್ನಿಟ್ಟು ಲೆಕ್ಕ ಹಾಕಿದರೆ ಶಿಷ್ಯನಿಗೆ ಬೇಸರವಾದೀತು. ಆರಾದರೋ ಎರಡರಿಂದಲೂ ಮೂರರಿಂದಲೂ ಭಾಗವಾಗುತ್ತದೆ. ಆದ್ದರಿಂದ ಆರು ಒಂದುಗಳನ್ನು ಎರಡೆರಡಾಗಿ ಕಟ್ಟಿದರೆ 11 ಸಿಕ್ಕುತ್ತದೆ, ಮೂರು ಮೂರಾಗಿ ಕಟ್ಟಿದರೆ 111 ಸಿಕ್ಕುತ್ತದೆ. ಹೀಗೆ ಸಣ್ಣ ಸಣ್ಣ ಭಾಜಕಗಳಿಂದ ತುಂಬಿರುವ ಕಾರಣ ಅದನ್ನು ಬೇಕಾದ ಕಡೆ ಬಿಚ್ಚಬಹುದು, ಬೇಕಾದ ಕಡೆ ಕಟ್ಟಬಹುದು.

ಹಾಗಾದರೆ ಈ ಹಾರವನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟಿವೆ? ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಬಿಟ್ಟುಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಪ್ರತಿಯೊಂದಕ್ಕೂ ಮೂರು ದಾರಿ; ಮೂರನ್ನು ಐದು ಸಲ ಗುಣಿಸಿದರೆ 243. ಈ 243 ಭಾಜಕಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. ಮೊದಲನೆಯದನ್ನೂ ಕೊನೆಯದನ್ನೂ ಗುಣಿಸಿದರೆ ನಮ್ಮ ಹಾರ ಬರುತ್ತದೆ. ಎರಡನೆಯದನ್ನೂ ಕೊನೆಯಿಂದ ಎರಡನೆಯದನ್ನೂ, ಅಂದರೆ 3ನ್ನೂ 4115218107ನ್ನೂ, ಗುಣಿಸಿದರೆ ಮತ್ತೆ ಅದೇ. ಹೀಗೆ ಇತ್ತ 121, ಅತ್ತ 121 ಜೊತೆಯಾಗಿ ನಿಲ್ಲುತ್ತವೆ. ನಟ್ಟನಡುವೆ ಒಂಟಿಯಾಗಿ ನಿಲ್ಲುವುದು 111111. ಭಾಜಕಗಳದ್ದೂ ಒಂದು ಹಾರವಾಯಿತು! ಆ 121 ಎಂಬುದು 11ರ ವರ್ಗ, ಈ ಮನೆತನದ ಪುಟ್ಟ ಕೂಸು. ಆರರ ಜಾಗದಲ್ಲಿ ಎರಡನ್ನು ಇಟ್ಟಾಗ ಬರುವ ಹಾರ ಅದು.

ಈ ಹಾರವನ್ನು ಎಷ್ಟು ಉದ್ದ ಬೆಳೆಸಬಹುದು ಎಂದು ಕೇಳಬಹುದು. ಒಂಬತ್ತು ಒಂದುಗಳವರೆಗೆ ಅಡ್ಡಿಯಿಲ್ಲ. ಅದರ ವರ್ಗ 12345678987654321. ಹತ್ತಕ್ಕೆ ಹೋದರೆ ನಡುವಿನ ಕಂಬದಲ್ಲಿ ಹತ್ತು ಒಂದುಗಳು ಸೇರುತ್ತವೆ. ಅಲ್ಲಿ ಸೊನ್ನೆ ಬರೆದು ಒಂದನ್ನು ಮುಂದಿನ ಮನೆಗೆ ಸಾಗಿಸಬೇಕು. ಅಲ್ಲಿದ್ದ ಒಂಬತ್ತು ಹತ್ತಾಗಿ ಅದೂ ಸೊನ್ನೆಯಾಗುತ್ತದೆ. ಬರುವ ಉತ್ತರ 1234567900987654321. ದಾರ ಹರಿಯಿತು. ಹತ್ತರ ಲೆಕ್ಕದಲ್ಲಿ ಬದುಕುವ ನಮಗೆ ಒಂಬತ್ತರಾಚೆಗೆ ಈ ಅಂದ ದಕ್ಕುವುದಿಲ್ಲ. ಹಾಗೆಯೇ, ಬರಿಯ ಒಂದುಗಳ ಸಂಖ್ಯೆಗಳೆಲ್ಲ ಒಡೆಯುತ್ತವೆಂದೂ ಇಲ್ಲ. ಹತ್ತೊಂಬತ್ತು ಒಂದುಗಳ ಸಂಖ್ಯೆ, ಇಪ್ಪತ್ತಮೂರು ಒಂದುಗಳ ಸಂಖ್ಯೆ ಅವಿಭಾಜ್ಯವೆಂದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗೊತ್ತಾಯಿತು. 1031 ಒಂದುಗಳ ಸಂಖ್ಯೆಯೂ ಅವಿಭಾಜ್ಯವೆಂದು 1986ರಲ್ಲಿ ಸಿದ್ಧವಾಯಿತು. ಮಳಖೇಡದ ಕಾಲದ ವಿನೋದ ಗಣಕಯಂತ್ರಗಳಿಗೂ ಕೆಲಸ ಕೊಟ್ಟಿದೆ.

ಈ ಹಾರದ ಕಥೆಯಲ್ಲಿ ಇನ್ನೊಬ್ಬರನ್ನು ನೆನೆಯದಿದ್ದರೆ ಅನ್ಯಾಯವಾಗುತ್ತದೆ. 1905ರಲ್ಲಿ ಹುಟ್ಟಿದ ದ. ರಾ. ಕಾಪ್ರೇಕರ್ ಎಂಬ ಮಹಾರಾಷ್ಟ್ರದ ಉಪಾಧ್ಯಾಯರು ನಾಸಿಕದ ಬಳಿಯ ದೇವಳಾಲಿಯಲ್ಲಿ 1962ರವರೆಗೆ ಶಾಲಾಮಕ್ಕಳಿಗೆ ಪಾಠ ಹೇಳಿದವರು. ಸ್ನಾತಕೋತ್ತರ ಪದವಿಯಿಲ್ಲ, ವಿಶ್ವವಿದ್ಯಾನಿಲಯದ ಪೀಠವಿಲ್ಲ. ಸಂಖ್ಯೆಗಳ ಮೇಲಿನ ಪ್ರೀತಿಯೊಂದೇ ಅವರ ಬಂಡವಾಳ. 6174 ಎಂಬ ಸಂಖ್ಯೆಗೆ ಇಂದು ಜಗತ್ತಿನಲ್ಲೆಲ್ಲ ಅವರ ಹೆಸರಿದೆ. ಅವರು ಮುಂಬಯಿಗೆ ಮೂವತ್ತು ಮೈಲಿ ದೂರದ ಒಂದು ರೈಲು ನಿಲ್ದಾಣದಲ್ಲಿದ್ದಾಗ ಇಂಥ ಸಂಖ್ಯೆಗಳ ವಿಚಾರ ಹೊಳೆಯಿತಂತೆ. ಆ ನಿಲ್ದಾಣದ ಹೆಸರಿನಿಂದಲೇ ಅವುಗಳನ್ನು 'ಡೆಮ್ಲೋ ಸಂಖ್ಯೆ'ಗಳೆಂದು ಕರೆದರು. ಇಂದಿನ ಡೊಂಬಿವಲಿಯೇ ಆ ಊರು. 1, 121, 12321, 1234321 ಎಂದು ಸಾಗುವ ಹಾರಗಳಿಗೆ 'ಅದ್ಭುತ ಡೆಮ್ಲೋ ಸಂಖ್ಯೆ' ಎಂದು ವಿಶೇಷ ಹೆಸರಿಟ್ಟರು. ನಮ್ಮ 12345654321 ಅದರಲ್ಲಿ ಆರನೆಯದು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಪತ್ರಿಕಾ ಅಂಕಣದಲ್ಲಿ ಬರೆದ ಮೇಲೆ ಕಾಪ್ರೇಕರರ ಹೆಸರು ಹೊರನಾಡಿಗೆ ಹಬ್ಬಿತು. 1986ರಲ್ಲಿ ಅವರು ತೀರಿಕೊಂಡರು. ಒಂದೇ ಸಂಖ್ಯೆ ಒಬ್ಬ ಆಚಾರ್ಯನಿಗೆ ಅರಸನ ನೆರಳಿನಲ್ಲಿ ಒಡವೆಯಾಗಿ ಕಂಡಿತು. ಸಾವಿರ ವರ್ಷಗಳ ಮೇಲೆ ಒಬ್ಬ ಬಡ ಮೇಷ್ಟ್ರಿಗೆ ರೈಲು ನಿಲ್ದಾಣದ ಗದ್ದಲದಲ್ಲಿ ಗೆಳೆಯನಾಗಿ ಒದಗಿತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರದ ಮಾತನ್ನೂ ಆಡಬೇಕು. ಎಲ್ಲವೂ ನಮ್ಮ ಹಿರಿಯರಿಗೆ ಗೊತ್ತಿತ್ತು ಎಂದು ಎದೆತಟ್ಟಿಕೊಳ್ಳುವುದಕ್ಕಾಗಿ ನಾನು ಈ ಕಥೆ ಹೇಳುತ್ತಿಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಕಂಡ ಅದೇ ಮಹಾವೀರ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದೂ ಬರೆದಿದ್ದಾನೆ, ಅದು ತಪ್ಪು. ತಪ್ಪನ್ನು ತಪ್ಪೆಂದೇ ಹೇಳಿದರೆ ಆತನ ಘನತೆಗೆ ಕುಂದಿಲ್ಲ. ಓದದೆ ಹೊಗಳುವುದೂ ಓದದೆ ಕಡೆಗಣಿಸುವುದೂ ಒಂದೇ ಸೋಮಾರಿತನದ ಎರಡು ಮುಖ. ಎರಡನೆಯ ಮುಖ ನನ್ನದಾಗಿತ್ತು.

ಹಿಂದಿನವರು ಹೀಗೆ ಇರಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಗಣಿತಸಾರಸಂಗ್ರಹವನ್ನು ತೆಲುಗು ಪದ್ಯಗಳಿಗೆ ತಂದ. ತೆಲುಗಿನ ಮೊದಲ ಕವಿಗಳ ಸಾಲಿನಲ್ಲಿ ಆತನಿಗೆ ಸ್ಥಾನವಿದೆ. ನಮ್ಮಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿ ಬರೆದ. ಅವರಿಗೆ ಕಾವ್ಯದ ಕೊಠಡಿ, ಲೆಕ್ಕದ ಕೊಠಡಿ ಎಂದು ಎರಡಿರಲಿಲ್ಲ. ಗೋಡೆ ಎಬ್ಬಿಸಿದವರು ನಾವು. ಪದ್ಮಾವತಮ್ಮನವರು ಮಾಡಿದ ಗಣಿತಸಾರಸಂಗ್ರಹದ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಆದ್ದರಿಂದ ಸಂಸ್ಕೃತ ಬಾರದು ಎಂಬ ನೆಪವೂ ಈಗ ಉಳಿದಿಲ್ಲ.

ನನ್ನ ಪ್ರಾಯಶ್ಚಿತ್ತ ಸಣ್ಣದು. ನಿವೃತ್ತಿಗೆ ಉಳಿದಿದ್ದ ಎರಡು ವರ್ಷ, ಕವಿರಾಜಮಾರ್ಗದ ಮೊದಲ ಪಾಠಕ್ಕೆ ಹೋದಾಗ ನಾನು ಈ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದು ಪಾಠ ಆರಂಭಿಸುತ್ತಿದ್ದೆ. ಅದೇ ದೊರೆಯ ಕಾಲದಲ್ಲಿ, ಅದೇ ನಾಡಿನಲ್ಲಿ, ಒಬ್ಬರು ಕನ್ನಡದ ಎಲ್ಲೆಗಳನ್ನು ಗುರುತಿಸುತ್ತಿದ್ದಾಗ ಇನ್ನೊಬ್ಬರು ಇದನ್ನು ಪೋಣಿಸುತ್ತಿದ್ದರು ಎಂದು ಹೇಳುತ್ತಿದ್ದೆ. ಮೊದಲ ವರ್ಷ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಇದು ನಮ್ಮಜ್ಜಿಯ ಚುಕ್ಕಿ ರಂಗೋಲಿಯ ಹಾಗಿದೆ" ಎಂದಳು. ನಾನು ರಂಗೋಲಿಯ ಮಾತನ್ನು ಇನ್ನೂ ಎತ್ತಿರಲಿಲ್ಲ.

ಪಾಠ ಮುಗಿಸಿ ಹೊರಡುವಾಗ ಹಲಗೆ ಒರೆಸುವುದು ನನ್ನ ಹಳೆಯ ಅಭ್ಯಾಸ. ಆ ಮಾತು ಕೇಳಿದ ದಿನ ಹಾಗೇ ಬಿಟ್ಟುಬಂದೆ. ಮುಂದಿನ ತರಗತಿ ಇತಿಹಾಸದವರದು; ಅವರೂ ನೋಡಲಿ ಎಂದುಕೊಂಡೆ.